ಮೇಷ್ಟ್ರ ಬಾಕಿ



ತಳಿಯವರಾದ ನಮಗೆ ಹೊಸೂರು ಎಂದರೆ ಸರಕು ತರಲು, ಬ್ಯಾಂಕಿಗೆ, ಆಸ್ಪತ್ರೆಗೆ ಹೋಗಿ ಬರುವ ಹೊಸೂರು ಒಂದೇ. ಆದರೆ ಕನ್ನಡ ನಾಡಿನಲ್ಲಿ ಈ ಹೆಸರಿನ ಊರುಗಳು ಇನ್ನೂ ಹಲವಿವೆ. ಗೌರಿಬಿದನೂರು ತಾಲ್ಲೂಕಿನಲ್ಲೂ ಒಂದು ಹೊಸೂರಿದೆ. ಈ ಎರಡೂ ಹೊಸೂರುಗಳ ಕಡೆಯಿಂದ ಒಬ್ಬೊಬ್ಬ ಹುಡುಗ ಬೆಂಗಳೂರಿಗೆ ಓದಲು ಹೋದ. ಕಾಲ ಬೇರೆಯಾದರೂ ಇಬ್ಬರೂ ಓದಿದ್ದು ಸೆಂಟ್ರಲ್ ಕಾಲೇಜಿನಲ್ಲೇ. ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ದೇಶದ ಗವರ್ನರ್ ಜನರಲ್ ಆದರು. ಅವರ ಕತೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಆ ಹೊಸೂರಿನ ಹುಡುಗ ಮೇಷ್ಟ್ರಾದರು. ಈ ತಿಂಗಳು ಅವರ ವಿಷಯ ಬರೆಯಬೇಕೆನಿಸಿದೆ. ಅದಕ್ಕೆ ಮನೆಯಲ್ಲೇ ಒಂದು ಕಾರಣವೂ ಒದಗಿದೆ. ಅದನ್ನು ಆಮೇಲೆ ಹೇಳುತ್ತೇವೆ.

ಅವರು ಡಾ. ಎಚ್. ನರಸಿಂಹಯ್ಯನವರು. ಬೆಂಗಳೂರಿನಲ್ಲಿ ಅಂಗಡಿ ಇಟ್ಟಿರುವ ನಮ್ಮವರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಎಚ್ಚೆನ್ ಎಂದರೆ ಸಾಕು. 1920ರ ಜೂನ್ 6ರಂದು ಬಡ ಮನೆಯಲ್ಲಿ ಹುಟ್ಟಿದರು. ಊರಲ್ಲಿ ಮಾಧ್ಯಮಿಕ ಶಾಲೆಯ ತನಕ ಓದು ಆಯಿತು. ಮುಂದೆ ಓದಲು ಅಲ್ಲಿ ಹೈಸ್ಕೂಲಿಲ್ಲ, ಹೊರಗೆ ಕಳಿಸಲು ಮನೆಯಲ್ಲಿ ಕಾಸಿಲ್ಲ. ಇಂಥ ಹುಡುಗರ ಓದು ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ ಅವರಿಗೆ ಊರಲ್ಲಿ ಪಾಠ ಹೇಳಿದ್ದ ಹೆಡ್ಮಾಸ್ತರರು ಆ ಹೊತ್ತಿಗೆ ಬೆಂಗಳೂರಿನಲ್ಲಿದ್ದರು. ಹುಡುಗನನ್ನು ಮರೆತಿರಲಿಲ್ಲ. ಬಾ ಎಂದು ಹೇಳಿ ಕಳಿಸಿದರು. ಬಸ್ಸಿಗೆ ದುಡ್ಡಿಲ್ಲದೆ ಹುಡುಗ ಸುಮಾರು 85 ಕಿಲೋಮೀಟರ್ ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ಸೇರಿದ. ಅದು 1935ನೇ ಇಸವಿ.

ನಮ್ಮ ಕಡೆಯವರಿಗೆ ಅಂದಾಜು ಸಿಗಬೇಕಾದರೆ, ತಳಿಯಿಂದ ಹೊಸೂರಿಗೆ ನಡೆದು ಹೋಗಿ, ತಳಿಗೆ ನಡೆದೇ ಹಿಂದಿರುಗಿ, ಮತ್ತೆ ಹೊಸೂರಿನ ದಾರಿ ಹಿಡಿದು ಇನ್ನೂ ಆಚೆಗೆ ನಡೆದಷ್ಟು ದೂರ. ನಮ್ಮ ಮೊಮ್ಮಕ್ಕಳು ಶಾಲೆಯ ವ್ಯಾನು ಹತ್ತು ನಿಮಿಷ ತಡವಾದರೆ ಮುಖ ಊದಿಸುತ್ತಾರೆ.

ಹುಡುಗ ಸೇರಿದ್ದು 1917ರಲ್ಲಿ ಆರಂಭವಾಗಿದ್ದ ನ್ಯಾಷನಲ್ ಹೈಸ್ಕೂಲಿಗೆ. ಮರುವರ್ಷ, 1936ರಲ್ಲಿ, ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಇಳಿದು ಜೈಲಿಗೂ ಹೋದರು. ಬಿಡುಗಡೆಯಾದ ಮೇಲೆ ಓದು ಮುಗಿಸಿ, 1946ರಲ್ಲಿ ಆಗಷ್ಟೇ ಹುಟ್ಟಿದ್ದ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕಕ್ಕೆ ಹೋಗಿ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದರು. ಅಲ್ಲೇ ನಿಂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಂದು ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದರು. ಮದುವೆಯಾಗಲಿಲ್ಲ. ಖಾದಿ ಉಡುಪು. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಕೊನೆಯವರೆಗೂ ಅವರ ಮನೆ. ದೇವರು, ಪವಾಡ ಇವುಗಳನ್ನು ಅವರು ನಂಬುತ್ತಿರಲಿಲ್ಲ, ಆ ವಿಷಯದಲ್ಲಿ ನಮ್ಮಲ್ಲಿ ಅನೇಕರಿಗೆ ಅವರೊಡನೆ ಹೊಂದಿಕೆಯಾಗದು. ಆದರೆ ಅಪರಿಗ್ರಹ ಎಂಬ ಮಾತನ್ನು ನಾವು ಪರ್ಯೂಷಣದಲ್ಲಿ ಕೇಳುತ್ತೇವೆ, ಅವರು ಆ ಕೋಣೆಯಲ್ಲಿ ಬಾಳಿದರು.

ನಮ್ಮಂಥ ವ್ಯಾಪಾರಿಗಳು ಗಮನಿಸಬೇಕಾದ್ದು ಇದಕ್ಕಿಂತ ಮುಂದಿನದು. ಸಾಲ ತೀರಿಸುವ ರೀತಿ ನಮಗೆ ಒಂದೇ ಗೊತ್ತು: ಯಾರಿಂದ ತಂದೆವೋ ಅವರಿಗೇ ಕೊಟ್ಟು ಖಾತೆಯಲ್ಲಿ ಗೆರೆ ಎಳೆಯುವುದು. ಮೇಷ್ಟ್ರ ಸಾಲ ಹಾಗೆ ತೀರುವುದಿಲ್ಲ. ಬಾ ಎಂದು ಕರೆದ ಆ ಹೆಡ್ಮಾಸ್ತರರಿಗೆ ಹಣ್ಣು ಶಾಲು ಕೊಟ್ಟು ಕೈಮುಗಿದರೆ ಲೆಕ್ಕ ಚುಕ್ತಾ ಆದೀತೇ? ನರಸಿಂಹಯ್ಯನವರು ತೀರಿಸಿದ್ದು ಬೇರೆ ಖಾತೆಗೆ. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಶಾಲೆ ಕಾಲೇಜುಗಳನ್ನು ಬೆಂಗಳೂರಿನಿಂದಾಚೆಗೆ ಒಯ್ದರು. ಗೌರಿಬಿದನೂರಿನಲ್ಲಿ ಕಾಲೇಜು, ಬಾಗೇಪಲ್ಲಿಯಲ್ಲಿ ಕಾಲೇಜು, ಮುಳಬಾಗಿಲು ತಾಲ್ಲೂಕಿನ ಮುದಿಯನೂರಿನಲ್ಲಿ ಹೈಸ್ಕೂಲು, ಹೈಸ್ಕೂಲಿಲ್ಲದೆ ತಾವು ನಡೆದು ಬಂದಿದ್ದ ಅದೇ ಹೊಸೂರಿನಲ್ಲೂ ಹೈಸ್ಕೂಲು. ಅಂದರೆ ಅಲ್ಲಿಯ ಹುಡುಗರು ಇನ್ನು ಮುಂದೆ ನಡೆಯಬೇಕಾಗಿಲ್ಲ. 2005ರ ಜನವರಿ 31ರಂದು ತೀರಿಕೊಂಡಾಗ ಅವರ ಅಂತ್ಯಕ್ರಿಯೆಯೂ ಆ ಹೊಸೂರಿನಲ್ಲೇ ಆಯಿತು.

ಬಾಗೇಪಲ್ಲಿಯ ಹೆಸರನ್ನು ಬೇಕೆಂದೇ ಎತ್ತಿದೆವು. ಅದು ಆಂಧ್ರದ ಅಂಚು. ಮಳೆ ಕಡಿಮೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ತಳಿಯೂ ಅಂಥದೇ ಅಂಚಿನ ಊರಲ್ಲವೇ? 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳು ಬೇರೆಯಾದಾಗ ನಾವು ಮದರಾಸಿನ ಕಡೆ ಉಳಿದೆವು. ಸೇಲಂ ಜಿಲ್ಲೆ, ಆಮೇಲೆ 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ, ಹೀಗೆ ಜಿಲ್ಲೆಯ ಹೆಸರು ಬದಲಾಯಿತು, ಅಂಗಡಿಯ ಮಾತು ಬದಲಾಗಲಿಲ್ಲ. ಗಿರಾಕಿ ತೆಲುಗಿನಲ್ಲಿ ಕೇಳಿದರೆ ತೆಲುಗು, ತಮಿಳಿನಲ್ಲಿ ಕೇಳಿದರೆ ತಮಿಳು, ಖಾತೆ ಕಿರ್ದಿ ಕನ್ನಡದಲ್ಲಿ. 2006ರ ಕಾಯ್ದೆ ಬಂದು ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ತಮಿಳು ಕಲಿಯಬೇಡಿ ಎಂದು ನಾವು ಹೇಳುವವರಲ್ಲ. ಅದಿಲ್ಲದೆ ಇಲ್ಲಿ ವ್ಯಾಪಾರವೇ ಇಲ್ಲ. ಆದರೆ ಮನೆಯ ಭಾಷೆ ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಆದಾಗ ಮಗುವಿನ ಕೈ ಹಿಡಿದು ದಾಟಿಸಲು ಎರಡೂ ಬಲ್ಲ ಮೇಷ್ಟ್ರು ಬೇಕು. ಸಣ್ಣ ಊರಿಗೆ ಬಂದು ನಿಲ್ಲುವ ಮೇಷ್ಟ್ರು ಬೇಕು.

ನಾವು ಓದುವಾಗ ಅಂಥವರೊಬ್ಬರಿದ್ದರು. ಗಡಿಯಾಚೆ ಆನೇಕಲ್ ಕಡೆಯಿಂದ ಬಂದವರು, ಬಾಡಿಗೆ ಕೋಣೆಯಲ್ಲಿದ್ದರು. ಬಡ್ಡಿ ಲೆಕ್ಕ, ಲಾಭ ನಷ್ಟದ ಲೆಕ್ಕಕ್ಕೆ ನಮ್ಮ ಅಂಗಡಿಯ ಅಕ್ಕಿ ಬೇಳೆಯ ದರವನ್ನೇ ಕೇಳಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಮ್ಮನ್ನು ಶಾಲೆ ಬಿಡಿಸಿ ಗಲ್ಲಾ ಮೇಲೆ ಕೂರಿಸಬೇಕೆಂದು ಅಪ್ಪಾಜಿ ನಿಶ್ಚಯಿಸಿದ್ದಾಗ ಸಂಜೆ ಅಂಗಡಿಯ ಜಗಲಿಗೆ ಬಂದು, "ಶೆಟ್ರೇ, ಗಲ್ಲಾ ಎಲ್ಲಿಗೂ ಓಡಿಹೋಗಲ್ಲ. ಹುಡುಗನ್ನ ಇನ್ನೆರಡು ವರ್ಷ ನನಗೆ ಬಿಡಿ" ಎಂದರು. "ಆಯ್ತು ಮೇಷ್ಟ್ರೇ, ನಿಮ್ಮ ಮಾತು ತೆಗೆಯಕ್ಕಾಗುತ್ಯೇ" ಎಂದರು ಅಪ್ಪಾಜಿ. ನಮ್ಮ ಮೆಟ್ರಿಕ್ ಆದದ್ದು ಹಾಗೆ.

ಅವರು ನಿವೃತ್ತರಾದ ದಿನ ಊರಿನವರು ಸೇರಿದ್ದರು. ಹೊಗಳಿಕೆಯೆಲ್ಲ ಮುಗಿದ ಮೇಲೆ ಎದ್ದುನಿಂತು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಂದ ಹೊಸತರಲ್ಲಿ ಯಾರು ಸೀಮೆಎಣ್ಣೆ ಸಾಲ ಕೊಟ್ಟರು, ಜ್ವರ ಬಂದಾಗ ಯಾರ ಮನೆಯಿಂದ ಗಂಜಿ ಬಂತು, ಪರೀಕ್ಷೆಯ ದಿನ ಮಕ್ಕಳಿಗಾಗಿ ಬಸ್ಸು ನಿಲ್ಲಿಸಿಕೊಂಡಿದ್ದ ಕಂಡಕ್ಟರು, ಶಾಲೆ ಗುಡಿಸುತ್ತಿದ್ದ ಅಜ್ಜಿ, ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆದರು. ಕೊಡುವವರು ನಾವು, ಪಡೆಯುವವರು ಮೇಷ್ಟ್ರು ಎಂದು ತಿಳಿದಿದ್ದ ಹಿರಿಯರು ತಲೆ ತಗ್ಗಿಸಿ ಕೂತಿದ್ದರು. ಮೂವತ್ತು ವರ್ಷ ಊರಿನ ಮಕ್ಕಳಿಗೆ ಅಕ್ಷರ ಕೊಟ್ಟವರು ಊರಿಗೆ ಕೃತಜ್ಞತೆ ಹೇಳುತ್ತಿದ್ದಾರೆ!

ನಮ್ಮ ಸಮಾಜ ದಾನದಲ್ಲಿ ಹಿಂದೆ ಬಿದ್ದದ್ದಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದ ಕತೆಯನ್ನು ಭಾಷಣಗಳಲ್ಲಿ ಹೇಳಿಕೊಳ್ಳುತ್ತೇವೆ. ಶಾಲೆಗೆ ಫ್ಯಾನು ಕೊಡುತ್ತೇವೆ, ಫ್ಯಾನಿನ ರೆಕ್ಕೆಯ ಮೇಲೆ ಅಂಗಡಿಯ ಹೆಸರನ್ನೂ ಬರೆಸುತ್ತೇವೆ. (ತಿರುಗುವಾಗ ಓದುವವರು ಯಾರೋ!) ಕೋಣೆ ಕಟ್ಟಿಸಿ ಕಲ್ಲು ಹಾಕಿಸುತ್ತೇವೆ. ಆದರೆ ಆ ಕೋಣೆಯಲ್ಲಿ ನಿಂತು ಪಾಠ ಹೇಳಲು ನಮ್ಮ ಮನೆಯಿಂದ ಒಂದು ಮಗುವನ್ನು ಕೊಟ್ಟದ್ದುಂಟೇ? ಡಾಕ್ಟರು, ಆಡಿಟರು, ಇಂಜಿನಿಯರು ಎಲ್ಲರೂ ನಮ್ಮ ಮನೆಗಳಲ್ಲಿದ್ದಾರೆ. ಮೇಷ್ಟ್ರಿಗೆ ಮಾತ್ರ ಬೇರೆಯವರ ಮನೆಯ ಕಡೆ ನೋಡುತ್ತೇವೆ.

ಈಗ ಮನೆಯ ವಿಷಯ. ನಮ್ಮ ತಂಗಿಯ ಮಗಳು ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ. ಬಿ.ಎಡ್. ಮಾಡಿ ನಮ್ಮ ಕಡೆಯ ಶಾಲೆಯಲ್ಲೇ ಪಾಠ ಹೇಳುತ್ತೇನೆಂದು ಹಟ ಹಿಡಿದಳು. ಭಾವನವರಿಗೆ ಮನಸ್ಸಿಲ್ಲ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಸಿಗುವಂತಿದೆ, ಅಲ್ಲಿಯ ಒಂದು ತಿಂಗಳ ಸಂಬಳ ಇಲ್ಲಿ ಖಾಸಗಿ ಶಾಲೆಯವರು ನಾಲ್ಕು ತಿಂಗಳಿಗೂ ಕೊಡುವುದಿಲ್ಲ, ನಾಳೆ ಸಂಬಂಧ ಕೇಳಲು ಬಂದವರು ಏನಂದಾರು ಎಂದು ಅವರ ಚಿಂತೆ. ಅದು ಸುಳ್ಳು ಚಿಂತೆಯಲ್ಲ. "ಭಾವ, ನೀವೇ ಅವಳಿಗೆ ಬುದ್ಧಿ ಹೇಳಿ" ಎಂದು ಹೋದ ತಿಂಗಳು ಕರೆತಂದರು. ನಾವು ಹುಡುಗಿಯನ್ನು ಬಿಟ್ಟು ಭಾವನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡೆವು. ಎರಡು ದಿನ ನಡೆದ ಹುಡುಗನ ಕತೆಯನ್ನೂ ನಮ್ಮ ಜಗಲಿಗೆ ಬಂದ ಮೇಷ್ಟ್ರ ಕತೆಯನ್ನೂ ಹೇಳಿದೆವು. ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಲೆಕ್ಕದ ಮನುಷ್ಯ, ಎರಡು ವರ್ಷದ ಫೀಸು ಎಷ್ಟಾಗುತ್ತದೆ ಎಂದು ಮಾತ್ರ ಕೇಳಿದರು. ಹುಡುಗಿ ಒಳಗಿನಿಂದ ಕಾಗದ ತಂದು ಮುಂದಿಟ್ಟಳು. ಅರ್ಜಿ ಮೊನ್ನೆ ಹೋಯಿತು.