ಮಾಸ್ತರರ ನಂಬರ್ ಮನೆಯವರಿಗೂ ಗೊತ್ತಿರಲಿ

ಕುಂದಗೋಳದ ಒಂದು ಝೆರಾಕ್ಸ್ ಅಂಗಡಿ. ಪಾಳಿಯಲ್ಲಿ ನನ್ನ ಮುಂದೆ ಒಬ್ಬ ತಾಯಿ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ಫಾರಂ ತುಂಬುವಾಗ ನನ್ನ ಕಡೆ ತಿರುಗಿ ಕೇಳಿದರು: "ತಮ್ಮಾ, ನಮ್ಮ ಯಜಮಾನ್ರ ನಂಬರ್ ಬರೀಬೇಕಂತ. ಯಾವ ನಂಬರ್ ಅನ್ನೂದ ನನಗ ತಿಳೀವಲ್ದು. ಫೋನ್ ನಂಬರ್ ಏನದು?"

ಪ್ರೈಮರಿ ಸಾಲಿ ಮಾಸ್ತರರಾಗಿದ್ದ ಅವರ ಗಂಡ ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದರು. ಚೀಲದಲ್ಲಿ ಆಧಾರ್ ಇತ್ತು, ಪ್ಯಾನ್ ಇತ್ತು, ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ, ಮಗಳ ಲಗ್ನಪತ್ರಿಕೆ ಕೂಡ ಇತ್ತು. ಬೇಕಾದದ್ದು ಮಾತ್ರ ಇರಲಿಲ್ಲ. ಕಡೆಗೆ ಬ್ಯಾಂಕ್ ಸಾಲಕ್ಕೆಂದು ಯಾವಾಗಲೋ ತೆಗೆಸಿದ್ದ ಪಗಾರ ಚೀಟಿ ಕೈಗೆ ಸಿಕ್ಕಿತು. ಅದರ ಮೇಲೆ ಅಚ್ಚಾಗಿತ್ತು: ಕೆಜಿಐಡಿ ನಂಬರ್.

ಊರಿಗೆ ಮಾಸ್ತರರು ಹೆಸರಿನಿಂದ ಗೊತ್ತು. ಸರ್ಕಾರಕ್ಕೆ ಅವರು ಈ ನಂಬರಿನಿಂದಲೇ ಗೊತ್ತು. ಪಗಾರ ಆಗುವುದು, ವರ್ಗಾವಣೆಯ ಕೌನ್ಸೆಲಿಂಗ್ ಪಟ್ಟಿಯಲ್ಲಿ ಹೆಸರು ಬರುವುದು, ವಿಮೆಯ ಮೇಲೆ ಸಾಲ ತೆಗೆಯುವುದು, ಎಲ್ಲಕ್ಕೂ ಅದೇ ಬೇಕು. ಆದರೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಆ ನಂಬರ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಇದು ಆ ತಾಯಿಯ ತಪ್ಪಲ್ಲ. ಮಾಸ್ತರರು ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಕೆಜಿಐಡಿ ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಶುರು ಮಾಡಿದ ವಿಮೆ ಇದು. ಆಗ ನಮ್ಮ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ನಮಗೂ ಅದಕ್ಕೂ ಸಂಬಂಧ ಇರಲಿಲ್ಲ. 1956ರಲ್ಲಿ ಏಕೀಕರಣವಾಯಿತು, 1958ರಲ್ಲಿ ನೌಕರರ ಕಡ್ಡಾಯ ಜೀವವಿಮೆಯ ನಿಯಮ ಬಂತು. ನೌಕರಿಗೆ ಸೇರಿದ ಮೇಲೆ ಮಾಡಿಸುವ ಮೊದಲ ಪಾಲಿಸಿಯ ಸಂಖ್ಯೆಯೇ ಮುಂದೆ ಆ ಮನುಷ್ಯನ ಗುರುತಾಗಿ ನಿಂತುಬಿಡುತ್ತದೆ. ಪಗಾರ ಏರಿದಂತೆ ಬೇರೆ ಪಾಲಿಸಿಗಳೂ ಸೇರುತ್ತವೆ, ಅವಕ್ಕೆ ಬೇರೆ ಬೇರೆ ನಂಬರ್ ಇರುತ್ತವೆ. ಗೊಂದಲ ಆಗುವುದು ಇಲ್ಲೇ. ಗುರುತಿಗೆ ಕೇಳುವುದು ಮೊದಲನೆಯದನ್ನು. ಆದರೆ ದುಡ್ಡು ಬರಬೇಕಾದರೆ ಎಲ್ಲ ಪಾಲಿಸಿಗಳ ಲೆಕ್ಕವೂ ಬೇಕು.

ಹುಡುಕುವುದು ಕಷ್ಟವಲ್ಲ. ಪಗಾರ ಚೀಟಿಯಲ್ಲಿದೆ, ಪಾಲಿಸಿ ಬಾಂಡ್‌ನಲ್ಲಿದೆ, ಸೇವಾ ಪುಸ್ತಕದಲ್ಲಿದೆ. ಮನೆಯಲ್ಲಿ ಯಾವ ಕಾಗದವೂ ಸಿಗದಿದ್ದರೆ ಪಗಾರ ಬಿಲ್ ಮಾಡುವ ಕಚೇರಿಯಲ್ಲಿ ಕೇಳಿ. ಧಾರವಾಡದಲ್ಲಿ ಜಿಲ್ಲಾ ವಿಮಾ ಕಚೇರಿಯೂ ಇದೆ. ನಂಬರ್ ಸಿಕ್ಕಾಗ ಇನ್ನೊಂದು ನೋಡಿಬಿಡಿ: ನಾಮಿನಿ ಯಾರು? ಮದುವೆಗೆ ಮುಂಚೆ ನೌಕರಿ ಹಿಡಿದವರು ಅವ್ವನ ಹೆಸರೋ ಅಪ್ಪನ ಹೆಸರೋ ಬರೆಸಿರುತ್ತಾರೆ. ಆಮೇಲೆ ಮದುವೆ ಆಗಿ, ಮಕ್ಕಳಾಗಿ, ಆ ಹಿರಿಯರು ತೀರಿಕೊಂಡು, ಕಾಗದದಲ್ಲಿ ಮಾತ್ರ ಅದೇ ಹೆಸರು ಉಳಿದಿರುತ್ತದೆ.

ನಂಬರ್ ಯಾರಿಗಾದರೂ ಗೊತ್ತಾದರೆ ಮೋಸ ಆಗುತ್ತದಾ ಎಂದು ಕೆಲವರು ಕೇಳುತ್ತಾರೆ. ವರ್ಗಾವಣೆ ಪಟ್ಟಿಗಳಲ್ಲಿ ಹೆಸರಿನ ಜೊತೆಗೇ ಅಚ್ಚಾಗಿ ವಾಟ್ಸಾಪ್ ಗ್ರೂಪುಗಳಲ್ಲಿ ತಿರುಗಾಡುವ ನಂಬರ್ ಅದು, ಗುಟ್ಟೇನೂ ಅಲ್ಲ. ಕೀಲಿ ಇರುವುದು ಮೊಬೈಲಿಗೆ ಬರುವ ಒಟಿಪಿಯಲ್ಲಿ. ಅರ್ಜಿ ಹಾಕಿಕೊಡುವ ಹುಡುಗನ ಫೋನ್ ನಂಬರನ್ನೇ ತಮ್ಮ ಖಾತೆಗೆ ಜೋಡಿಸಿ ಸುಮ್ಮನಿರುವ ಮಾಸ್ತರರನ್ನು ನಾನು ಕಂಡಿದ್ದೇನೆ. ಹೊಲದ ಪಹಣಿ ತೆಗೆಸುವಾಗ ಎರಡು ಸಲ ನೋಡುವ ನಾವು ಇದರಲ್ಲಿ ಯಾಕೆ ಇಷ್ಟು ಸಡಿಲ?

ಇಷ್ಟು ನಂಬರ್ ಇದ್ದವರ ಮಾತು. ನನಗೆ ಹೆಚ್ಚು ಹೇಳಬೇಕಾಗಿರುವುದು ನಂಬರ್ ಇಲ್ಲದವರ ಬಗ್ಗೆ.

ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಬಸ್ಸಿಗೆ ಊಟದ ಡಬ್ಬಿ ಹಿಡಿದು ಇಳಿಯುವ ಅತಿಥಿ ಶಿಕ್ಷಕರನ್ನು ನೀವೂ ನೋಡಿರುತ್ತೀರಿ. ನಮ್ಮ ಮಕ್ಕಳು ಅವರನ್ನು ಅಕ್ಕೋರ, ಸರ್ ಅಂತಲೇ ಕರೆಯುತ್ತಾರೆ. ಕಾಯಂ ಆದವರು, ಆಗದವರು ಅನ್ನುವ ಫರಕು ಮಕ್ಕಳಿಗೆ ಗೊತ್ತಿಲ್ಲ. ಕಂಪ್ಯೂಟರಿಗೆ ಗೊತ್ತು. ಶಾಲೆಗೆ 11 ಅಂಕಿಯ ಯುಡೈಸ್ ಕೋಡ್ ಇದೆ, ಅದರ ಮೊದಲಿನ 29 ಅಂದರೆ ಕರ್ನಾಟಕ. ಮಗುವಿಗೆ ಎಸ್‌ಎಟಿಎಸ್ ನಂಬರ್ ಇದೆ. ಕಾಯಂ ಶಿಕ್ಷಕರಿಗೆ ಕೆಜಿಐಡಿ ಇದೆ. ಅದೇ ಖೋಲಿಯಲ್ಲಿ ಅದೇ ಪಾಠ ಹೇಳುವ ಅತಿಥಿ ಶಿಕ್ಷಕರಿಗೆ ಕೆಜಿಐಡಿ ಇಲ್ಲ, ವಿಮೆ ಇಲ್ಲ, ಸೇವಾ ಪುಸ್ತಕ ಇಲ್ಲ. ಶೈಕ್ಷಣಿಕ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಆರು ವರ್ಷ ಹೀಗೆ ದುಡಿದ ಒಬ್ಬ ಅಕ್ಕೋರು ನನಗೆ ಹೇಳಿದ್ದು: "ನಾ ಸಾಲ್ಯಾಗ ಇದ್ದೆ ಅನ್ನಾಕ ಹುಡುಗೂರ ಸಾಕ್ಷಿ ಬಿಟ್ರ ಬ್ಯಾರೆ ಏನೂ ಇಲ್ರಿ."

ಗೌರವಧನ ಹೆಚ್ಚಬೇಕು, ಸೇವಾ ಭದ್ರತೆ ಬೇಕು ಅನ್ನುವ ಅವರ ಬೇಡಿಕೆ ಬೆಂಗಳೂರಿನಲ್ಲಿ ತೀರ್ಮಾನ ಆಗಬೇಕಾದದ್ದು. ಆದರೆ ದುಡಿದದ್ದಕ್ಕೆ ದಾಖಲೆ ಕೊಡಿಸುವುದು ಊರಲ್ಲೇ ಆಗುವ ಕೆಲಸ. ಯುಡೈಸ್ ಪ್ಲಸ್‌ನಲ್ಲಿ ಶಿಕ್ಷಕರ ವಿವರ ತುಂಬುವಾಗ ನೇಮಕಾತಿ ಯಾವ ಬಗೆಯದು ಎಂದು ಕೇಳುತ್ತಾರೆ. ಕಾಯಂ, ಗುತ್ತಿಗೆ ಜೊತೆಗೆ ಅರೆಕಾಲಿಕ ಅಥವಾ ಅತಿಥಿ ಅನ್ನುವ ಬಗೆಯೂ ಅಲ್ಲಿದೆ. ನಿಮ್ಮ ಶಾಲೆಯ ಅತಿಥಿ ಶಿಕ್ಷಕರ ಹೆಸರು ಅಲ್ಲಿ ಏರಿದೆಯೇ ಎಂದು ಹೆಡ್ ಮಾಸ್ತರರನ್ನು ಕೇಳಬಹುದು. ಅದಕ್ಕಿಂತ ಮುಖ್ಯವಾದದ್ದು ಸೇವಾ ಪ್ರಮಾಣಪತ್ರ: ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಯಾವ ತರಗತಿ, ಯಾವ ವಿಷಯ, ಶಾಲೆಯ ಯುಡೈಸ್ ಕೋಡ್, ಸಹಿ, ಸಿಕ್ಕಾ. ನಾಳೆ ಇದನ್ನು ಹಿಡಿದು ಕಾಯಂ ಮಾಡಿ ಎಂದು ಬಂದಾರು ಅನ್ನುವ ಅಂಜಿಕೆಯಿಂದ ಕೊಡಲು ಹಿಂದೇಟು ಹಾಕುವ ಹೆಡ್ ಮಾಸ್ತರರೂ ಇದ್ದಾರೆ. ಅಂಜಿಕೆ ಅರ್ಥ ಆಗುತ್ತದೆ, ಒಪ್ಪುವುದು ಮಾತ್ರ ಕಷ್ಟ. ನಡೆದದ್ದನ್ನು ನಡೆಯಿತು ಎಂದು ಬರೆದುಕೊಡಲು ಯಾಕೆ ಅಂಜಬೇಕು?

ಎಸ್‌ಡಿಎಂಸಿಯಲ್ಲಿ ಇರುವವರು ನಾವೇ, ಮಕ್ಕಳ ಅಪ್ಪ ಅವ್ವಂದಿರು. ಈ ಸಲ ಪರೀಕ್ಷೆ ಮುಗಿದು ಅತಿಥಿ ಶಿಕ್ಷಕರು ಊರಿಗೆ ಹೊರಡುವ ಮುಂಚೆ ಒಂದು ಸಭೆ ಕರೆಸಿ, ಆ ಕಾಗದ ಅವರ ಕೈಗೆ ಮುಟ್ಟಿತಾ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಕುಂದಗೋಳದ ಆ ತಾಯಿ ಅವತ್ತು ಪಗಾರ ಚೀಟಿಯ ಮೂರು ಝೆರಾಕ್ಸ್ ತೆಗೆಸಿದರು. ಎರಡನ್ನು ಚೀಲಕ್ಕೆ ಹಾಕಿದರು. ಮೂರನೆಯದರ ಮೇಲೆ ನನ್ನ ಕೈಯಿಂದ ನಂಬರನ್ನು ದೊಡ್ಡದಾಗಿ ಕನ್ನಡ ಅಂಕಿಯಲ್ಲಿ ಬರೆಸಿಕೊಂಡು, ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು.