ಪಾಠ ಮಾಡೋದು ಸೇವೆನಾ, ಕಾಯಕನಾ?

1/9
ಬಿಕಾಂ ಬೆಂಚಿನ ಸರಣಿಯಲ್ಲಿ ಇದು ಸ್ವಲ್ಪ ಉದ್ದದ ಕಂತು. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಯಲ್ಲ, ಅದಕ್ಕೆ ಒಂಬತ್ತು ಪೋಸ್ಟ್. ಸೇವ್ ಮಾಡ್ಕೊಂಡು ಬಸ್ಸಲ್ಲಿ ಕೂತಾಗ ಓದಿ.

ಯಾವ ಕಾಲೇಜಿನ ವೆಬ್‌ಸೈಟ್ ತೆಗೆದ್ರೂ ಸಿಬ್ಬಂದಿ ಪುಟ ಒಂದೇ ಥರ ಇರುತ್ತೆ. ಪಾಸ್‌ಪೋರ್ಟ್ ಸೈಜ್ ಫೋಟೋ, ಹೆಸರು, ಎಂಕಾಂ, ನೆಟ್ ಅಥವಾ ಕೆಸೆಟ್, ಪಿಎಚ್‌ಡಿ ಇದ್ರೆ ಪಿಎಚ್‌ಡಿ. ಅಷ್ಟೇ. ಮೇಷ್ಟ್ರು ಯಾವ ಊರಿಂದ, ಎಂಥ ಮನೆಯಿಂದ ಬಂದ್ರು? ಪಾಠ ಮಾಡೋಕೆ ಮುಂಚೆ ಏನು ಕೆಲಸ ಮಾಡ್ತಿದ್ರು? ಈಗ ತಿಂಗಳಿಗೆ ಎಷ್ಟು ಸಿಗುತ್ತೆ? ಈ ಮೂರು ಕಾಲಂ ಎಲ್ಲೂ ಇರಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮೊದಲ ಎರಡು ಕಾಲಂ ನಮಗೆ ಸಿಗೋ ಪಾಠದ ರುಚಿ ಹೇಳುತ್ತೆ. ಆ ರುಚಿ ಕಾಲೇಜಲ್ಲಿ ಎಷ್ಟು ದಿನ ಉಳಿಯುತ್ತೆ ಅನ್ನೋದನ್ನ ಮೂರನೇ ಕಾಲಂ ತೀರ್ಮಾನ ಮಾಡುತ್ತೆ. ಇದನ್ನ ತೋರಿಸೋಕೆ 200 ವರ್ಷ ಹಿಂದಿನ ಒಂದು ಪುಟ್ಟ ಧಾರ್ಮಿಕ ಕಾಲೇಜಿಗೆ ಹೋಗೋಣ.

2/9
ಜಾಗ: ಸೆರಾಂಪುರ. ಬಂಗಾಳಿಗಳು ಶ್ರೀರಾಮಪುರ ಅಂತಾರೆ. ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿ ದಂಡೆ ಮೇಲೆ. ಆಗ ಅದು ಬ್ರಿಟಿಷರದ್ದಲ್ಲ, ಡೆನ್ಮಾರ್ಕಿನ ವಸಾಹತು. ಈಸ್ಟ್ ಇಂಡಿಯಾ ಕಂಪನಿಗೆ ಆಗ ಮಿಷನರಿಗಳು ಬೇಡವಾಗಿದ್ರು, ಡೇನರು ಜಾಗ ಕೊಟ್ರು.

ಅಲ್ಲಿ 1818ರಲ್ಲಿ ಮೂವರು ಬ್ಯಾಪ್ಟಿಸ್ಟ್ ಮಿಷನರಿಗಳು ಸೇರಿ ಒಂದು ಕಾಲೇಜು ಶುರು ಮಾಡಿದ್ರು. ಮೊದಲಿಗೆ 37 ವಿದ್ಯಾರ್ಥಿಗಳು. ನಮ್ಮ ಒಂದು ಸೆಕ್ಷನ್‌ಗಿಂತ ಕಡಿಮೆ! ಕ್ರೈಸ್ತರಿಗೂ ಸೀಟು, ಬೇರೆಯವರಿಗೂ ಸೀಟು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ಈ ಕಾಲೇಜಿಗೆ ಪದವಿ ಕೊಡೋ ಅಧಿಕಾರದ ಸನದು ಕೊಟ್ಟ. ಬಾಂಬೆ, ಮದ್ರಾಸ್, ಕಲ್ಕತ್ತಾ ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ, ಅಂದ್ರೆ ಅದಾಗಿ 30 ವರ್ಷಕ್ಕೆ.

ಪದವಿ ಕೊಡೋ ಅಧಿಕಾರ ಪಡೆದ ಆ ಮೂವರಿಗೆ ಯಾವ ಪದವಿ ಇತ್ತು ಅಂತೀರಾ? ಯಾರೂ ಯೂನಿವರ್ಸಿಟಿ ಮೆಟ್ಟಿಲು ಹತ್ತಿ ಓದಿದವರೇ ಅಲ್ಲ.

3/9
ಮೊದಲನೆಯವರು ವಿಲಿಯಂ ಕೇರಿ. 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ನೇಕಾರರ ಮನೇಲಿ ಹುಟ್ಟು. ಹದಿನಾಲ್ಕನೇ ವಯಸ್ಸಿಗೇ ಬೂಟು ಹೊಲಿಯೋ ಕೆಲಸ ಕಲಿಯೋಕೆ ಸೇರಿಸಿದ್ರು. ಕೈಯಲ್ಲಿ ಚರ್ಮ ಇದ್ದಾಗಲೇ ಲ್ಯಾಟಿನ್, ಗ್ರೀಕ್ ತಾನೇ ಕಲಿತ ಮನುಷ್ಯ. ದೊಡ್ಡವರ ಊಟದ ಮೇಜಲ್ಲಿ ಯಾರೋ ಕೊಂಕಾಗಿ, ಈತ ಮುಂಚೆ ಬೂಟು ತಯಾರು ಮಾಡ್ತಿದ್ದನಂತೆ ಅಂದಾಗ, ತಯಾರು ಮಾಡೋನೂ ಅಲ್ಲ, ಬರೀ ರಿಪೇರಿ ಮಾಡೋನು ಅಂತ ಕೇರಿಯೇ ತಿದ್ದಿದ್ರಂತೆ. ಹರಳಯ್ಯನವರ ಕಥೆ ಕೇಳಿ ಬೆಳೆದ ನಮಗೆ ಇದರ ತೂಕ ಬೇಗ ಗೊತ್ತಾಗುತ್ತೆ.

1793ರಲ್ಲಿ ಬಂಗಾಳಕ್ಕೆ ಬಂದ್ರು. ಕೈಯಲ್ಲಿ ಕಾಸಿಲ್ಲ. ಕೆಲವು ವರ್ಷ ನೀಲಿ ತಯಾರಿಸೋ ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ. 1801ರಲ್ಲಿ, ಕಂಪನಿ ಅಧಿಕಾರಿಗಳಿಗೆ ದೇಶಭಾಷೆ ಕಲಿಸೋ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಮೇಷ್ಟ್ರಾದ್ರು. ಸೆರಾಂಪುರ ಕಾಲೇಜು ಶುರುವಾದ ಮೇಲೆ ಅಲ್ಲಿ ದೇವತಾಶಾಸ್ತ್ರದ ಜೊತೆ ಸಸ್ಯಶಾಸ್ತ್ರಾನೂ ಹೇಳಿಕೊಟ್ರು. ಗಿಡ ಅಂದ್ರೆ ಹುಚ್ಚು. 1820ರಲ್ಲಿ ಕೃಷಿ-ತೋಟಗಾರಿಕೆ ಸಂಘ ಕಟ್ಟಿದವರೂ ಇವರೇ.

4/9
ಎರಡನೆಯವರು ಜೋಶುವಾ ಮಾರ್ಷ್‌ಮನ್. ಇವರೂ ನೇಕಾರರ ಮಗ. ಹುಡುಗನಾಗಿದ್ದಾಗ ಲಂಡನ್ನಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ರು. ಆಮೇಲೆ ಊರಿಗೆ ವಾಪಸ್, ಮತ್ತೆ ಮಗ್ಗ. ನಂತರ ಬ್ರಿಸ್ಟಲ್‌ನಲ್ಲಿ ಶಾಲಾ ಮಾಸ್ತರು. ಭಾರತಕ್ಕೆ ಬಂದ ಮೇಲೆ ಇಲ್ಲೇ ಕೂತು ಚೀನೀ ಭಾಷೆ ಕಲಿತು ಬೈಬಲ್ಲನ್ನ ಚೀನೀ ಭಾಷೆಗೆ ತಂದ್ರು. ರಾಜಾ ರಾಮಮೋಹನ ರಾಯರ ಜೊತೆ ಪತ್ರಿಕೆಯಲ್ಲಿ ಧರ್ಮದ ಮೇಲೆ ವರ್ಷಗಟ್ಟಲೆ ವಾದ ಮಾಡಿದವರೂ ಇವರೇ. ಆ ವಾದದಲ್ಲಿ ನಾನು ರಾಯರ ಕಡೆ, ಅದು ಬೇರೆ ಮಾತು.

ಅವರ ಹೆಂಡತಿ ಹ್ಯಾನಾ ಮಾರ್ಷ್‌ಮನ್ ಹೆಸರು ಕಾಲೇಜು ಸ್ಥಾಪಕರ ಪಟ್ಟಿಯಲ್ಲಿ ಬರಲ್ಲ. ಆದ್ರೆ 1800ರಿಂದ ಇಬ್ಬರೂ ಸೇರಿ ನಡೆಸಿದ ಬೋರ್ಡಿಂಗ್ ಶಾಲೆಯ ಫೀಸು ಇಡೀ ತಂಡದ ಖರ್ಚಿಗೆ ದೊಡ್ಡ ಆಸರೆ ಆಗಿತ್ತು. ಅಕೌಂಟ್ಸ್ ಓದೋರು ಇದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ.

ಮೂರನೆಯವರು ವಿಲಿಯಂ ವಾರ್ಡ್. ಡರ್ಬಿ ಊರಿನ ಬಡಗಿಯ ಮಗ. ಅಚ್ಚುಕೂಟದಲ್ಲಿ ಕೆಲಸ ಕಲಿತು, ಆಮೇಲೆ ಪತ್ರಿಕೆ ಸಂಪಾದಕರಾದವರು. ಸೆರಾಂಪುರದ ಪ್ರೆಸ್ಸು ನಡೆದದ್ದು ಇವರ ಕೈಯಲ್ಲಿ. 1823ರಲ್ಲಿ ಕಾಲರಾ ಬಂದು ತೀರಿಕೊಂಡ್ರು.

ಓದಿ ಬಂದ ಮೇಷ್ಟ್ರು ಅಂದ್ರೆ 1821ರಲ್ಲಿ ಬಂದ ಜಾನ್ ಮ್ಯಾಕ್. ಎಡಿನ್‌ಬರೋದಲ್ಲಿ ಓದಿದವರು. ಕೆಮಿಸ್ಟ್ರಿ ಹೇಳಿಕೊಟ್ಟು, 1834ರಲ್ಲಿ ಬಂಗಾಳಿಯಲ್ಲೇ ಕೆಮಿಸ್ಟ್ರಿ ಪುಸ್ತಕ ತಂದ್ರು. ಬೂಟು ರಿಪೇರಿಯವರು, ಮಗ್ಗದವರು, ಪ್ರೆಸ್ಸಿನವರು, ಜೊತೆಗೆ ಒಬ್ಬ ಓದಿದವರು. ಎಂಥ ಸ್ಟಾಫ್ ರೂಮ್ ಇದ್ದಿರಬೇಕು ನೋಡಿ!

5/9
ಇಲ್ಲಿಗೆ ನಿಲ್ಲಿಸಿದ್ರೆ ಇದು ವಾಟ್ಸಾಪ್ ಸ್ಫೂರ್ತಿ ಕಥೆ ಆಗಿಬಿಡುತ್ತೆ. ಲೆಡ್ಜರಿನ ಇನ್ನೊಂದು ಕಡೆ ನೋಡೋಣ.

ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಯವರ ಸಂಬಳ ತಿಂಗಳಿಗೆ 500 ರೂಪಾಯಿ. ಆಮೇಲೆ ಪ್ರೊಫೆಸರ್ ಆದಾಗ 1000. ಅವರ ಕೈಕೆಳಗೆ ಬಂಗಾಳಿ ವಿಭಾಗದ ಮುಖ್ಯ ಪಂಡಿತರು ಮೃತ್ಯುಂಜಯ ವಿದ್ಯಾಲಂಕಾರ. ಅವರಿಗೆ 200. ಸಹಾಯಕ ಪಂಡಿತರಲ್ಲಿ ಒಬ್ಬರು ರಾಮರಾಮ ಬಸು. ಅವರಿಗೆ 40.

ಈ ರಾಮರಾಮ ಬಸು ಯಾರು ಗೊತ್ತಾ? 1793ರಲ್ಲಿ ಕೇರಿ ಹಡಗಿಳಿದಾಗಿಂದ ಅವರಿಗೆ ಮುನ್ಷಿಯಾಗಿ ಬಂಗಾಳಿ ಹೇಳಿಕೊಟ್ಟವರು. 1801ರಲ್ಲಿ ಬಂದ ಬಸು ಅವರ ರಾಜಾ ಪ್ರತಾಪಾದಿತ್ಯನ ಚರಿತ್ರೆ ಬಂಗಾಳಿ ಗದ್ಯದ ಮೊದಲ ಮುದ್ರಿತ ಪುಸ್ತಕಗಳಲ್ಲಿ ಒಂದು. ಅಂದ್ರೆ ಕಲಿತ ಶಿಷ್ಯನಿಗೆ 500, ಕಲಿಸಿದ ಗುರುವಿಗೆ 40. ಹನ್ನೆರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಇದು ಕೇರಿಯೊಬ್ಬರ ತಪ್ಪಲ್ಲ, ಕಂಪನಿ ಇಟ್ಟ ಲೆಕ್ಕ. ಆದ್ರೂ ಬಡತನದಿಂದ ಬಂದ ಮೇಷ್ಟ್ರ ಕಥೆ ಹೇಳುವಾಗ ಅವರ ಪಕ್ಕದ ಕುರ್ಚಿಯಲ್ಲಿ ಕೂತು ದುಡಿದವರ ಕಥೆ ಬಿಟ್ರೆ, ಅದು ಅರ್ಧ ಬರೆದ ಜರ್ನಲ್ ಎಂಟ್ರಿ. ಡೆಬಿಟ್ ಇದೆ, ಕ್ರೆಡಿಟ್ ಇಲ್ಲ.

6/9
ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ ಮೂರು ಮಾತು.

ಒಂದು, 1817ರಲ್ಲಿ ಸೆರಾಂಪುರದ ಪ್ರೆಸ್ಸಿಂದ ಕೇರಿಯವರ ಕನ್ನಡ ವ್ಯಾಕರಣ ಅಚ್ಚಾಗಿ ಬಂತು. ಮನುಷ್ಯ ಕನ್ನಡ ನಾಡಿಗೆ ಕಾಲೇ ಇಟ್ಟಿಲ್ಲ. ಬಂಗಾಳದಲ್ಲಿ ಕೂತು ಕನ್ನಡ ವ್ಯಾಕರಣ ಬರೆಯಬೇಕಾದ್ರೆ ಕನ್ನಡ ಬಲ್ಲವರು ಯಾರೋ ಪಕ್ಕದಲ್ಲಿ ಇದ್ದೇ ಇರಬೇಕು. ಪುಸ್ತಕಕ್ಕೆ ಇರೋದು ಮಾತ್ರ ಕೇರಿಯವರ ಹೆಸರು.

ಎರಡು, ಮಂಗಳೂರು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಓದಿದವರು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದವರು ಅಂತ ನಮಗೆಲ್ಲ ಗೊತ್ತು. ಅವರ ಕಾಲದಲ್ಲೇ ಮಿಷನ್ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಬಾಸೆಲ್‌ಗೆ ಹೋಗಿ ಓದಿ ಬಂದು, ಮಂಗಳೂರಿನ ಸೆಮಿನರಿಯಲ್ಲೇ ಪಾಠ ಮಾಡಿದ್ರು. ಜಾತಿ, ಮನೆ, ಸಮುದ್ರ, ಎಲ್ಲ ದಾಟಿ ಬಂದ ಮೇಷ್ಟ್ರು. ಅವರ ಮತಾಂತರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅಷ್ಟು ದಾಟಿ ಬಂದವರ ಎದುರು ಕೂತು ಪಾಠ ಕೇಳೋದು ಹೇಗಿದ್ದೀತು ಅಂತ ಒಂದ್ಸಲ ಯೋಚಿಸಿ.

ಮೂರು, ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ. ಮಂಗಳೂರಿನ ಸೆಮಿನರಿಗೆ ಪ್ರಿನ್ಸಿಪಾಲರಾಗಿ, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಅದೇ ಸೆರಾಂಪುರ ಕಾಲೇಜಿಗೂ ಪ್ರಿನ್ಸಿಪಾಲರಾದ್ರು. ಮುಂದೆ ಜಿನೀವಾದಲ್ಲಿ ಚರ್ಚುಗಳ ವಿಶ್ವಮಂಡಳಿಯ ಸರ್ವಧರ್ಮ ಸಂವಾದ ವಿಭಾಗದ ಮೊದಲ ನಿರ್ದೇಶಕರು. ಕರಾವಳಿಯ ಒಂದು ಚಿಕ್ಕ ಊರಿಂದ ಹೊರಟ ಮೇಷ್ಟ್ರಗಿರಿ ಅಲ್ಲಿವರೆಗೂ ಹೋಯ್ತು.

7/9
ಈಗ ನಿಮ್ಮಲ್ಲಿ ಒಬ್ಬರಾದ್ರೂ ಕೇಳ್ತೀರಾ: ಹಾಗಾದ್ರೆ ಡಿಗ್ರಿ, ನೆಟ್ಟು, ಏನೂ ಬೇಡ್ವಾ?

ಬೇಕು. 2018ರ ಯುಜಿಸಿ ನಿಯಮ, 2023ರ ತಿದ್ದುಪಡಿ ಎರಡೂ ನೋಡಿದ್ರೆ, ಸಹಾಯಕ ಪ್ರಾಧ್ಯಾಪಕರಾಗೋಕೆ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಈ ಪರೀಕ್ಷೆ ಇಲ್ಲದಿದ್ರೆ ಏನಾಗುತ್ತೆ ಅಂತ ನಮಗೆ ಗೊತ್ತು. ಟ್ರಸ್ಟಿಯ ನೆಂಟರು, ಅದೇ ಜಾತಿಯವರು, ಅದೇ ಮಠದವರು, ಅದೇ ಚರ್ಚಿನವರು ಒಳಗೆ ಬರ್ತಾರೆ. ಹಳ್ಳಿಯಿಂದ ಬಂದು, ಲೈಬ್ರರಿಯಲ್ಲಿ ಕೂತು ಕೆಸೆಟ್ ಪಾಸಾದ ಅಕ್ಕನಿಗೆ ಆ ಸರ್ಟಿಫಿಕೇಟ್ ಒಂದೇ ಶಿಫಾರಸು ಪತ್ರ. ಅದನ್ನ ಕಿತ್ಕೊಳ್ಳಬಾರದು.

ಕೇರಿಯವರ ಕಥೆಯಿಂದ ಡಿಗ್ರಿ ದಂಡ ಅಂತ ಪಾಠ ತೆಗೆಯೋದು ತಪ್ಪು. ಅವರು ಡಿಗ್ರಿ ಬಿಟ್ಟಿದ್ರೇ ಹೊರತು ಓದು ಬಿಟ್ಟಿರಲಿಲ್ಲ. ನಾನು ತೆಗೆಯೋ ಪಾಠ ಇಷ್ಟು: ಅರ್ಹತೆ ಬಾಗಿಲು ತೆಗೆಯುತ್ತೆ, ಒಳಗೆ ಬಂದ ಮೇಲೆ ಮೇಷ್ಟ್ರು ತಂದ ಬದುಕಿಗೂ ಜಾಗ ಇರಬೇಕು. ತೆರಿಗೆ ಸಲಹೆಗಾರರ ಆಫೀಸಲ್ಲಿ ದುಡಿದವರು ಜಿಎಸ್‌ಟಿ ಹೇಳಿಕೊಟ್ಟಾಗ ರಿಟರ್ನ್ ತಡವಾದ ಅಂಗಡಿಯವನ ಮುಖಾನೂ ಪಾಠದಲ್ಲಿ ಬರುತ್ತೆ. ಸಹಕಾರಿ ಬ್ಯಾಂಕಿನಲ್ಲಿ ಇದ್ದವರು ಎನ್‌ಪಿಎ ಅಂದಾಗ ಯಾರದೋ ಹೊಲ ಕಣ್ಣಿಗೆ ಕಾಣುತ್ತೆ. ಸಿಬ್ಬಂದಿ ಪುಟದಲ್ಲಿ ಅದೂ ಒಂದು ಸಾಲು ಇರಲಿ.

8/9
ಈಗ ಮೂರನೇ ಕಾಲಂ. ಸಂಬಳ.

ಸಣ್ಣ ಧಾರ್ಮಿಕ ಟ್ರಸ್ಟಿನ ಕಾಲೇಜುಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೆ: ಇದು ಸೇವೆ. ನಾನು ಓದೋದೂ ಅಂಥದ್ದೇ ಒಂದು ಕಾಲೇಜು, ಹೆಸರು ಬೇಡ. ಕಳೆದ ಸೆಮಿಸ್ಟರ್ ಮಧ್ಯದಲ್ಲಿ ನಮ್ಮ ಕಾಸ್ಟ್ ಅಕೌಂಟಿಂಗ್ ಸರ್ ಬಿಟ್ಟು ಹೋದ್ರು. ಅತಿಥಿ ಉಪನ್ಯಾಸಕರು. ರಜೆ ತಿಂಗಳಲ್ಲಿ ಸಂಬಳ ಇಲ್ಲ, ಇರೋ ತಿಂಗಳ ಸಂಬಳಾನೂ ತಡ. ಕೇಳಿದ್ರೆ ಸೇವೆ ಅಂದ್ಕೊಂಡು ಮಾಡಿ ಅನ್ನೋ ಉತ್ತರ. ಒಂದು ಆಡಿಟ್ ಆಫೀಸಲ್ಲಿ ಕೆಲಸ ಸಿಕ್ತು, ಹೋದ್ರು. ಪ್ರೊಸೆಸ್ ಕಾಸ್ಟಿಂಗ್ ಚಾಪ್ಟರ್ ಅರ್ಧಕ್ಕೆ ನಿಂತುಹೋಯ್ತು. ನಮ್ಮ ಕ್ಲಾಸ್ ಗ್ರೂಪಲ್ಲಿ ಕೆಲವರು ದುಡ್ಡಿಗೋಸ್ಕರ ಓಡಿಹೋದ್ರು ಅಂತ ಬರೆದ್ರು. ನನಗೆ ಆ ಮಾತು ಹಿಡಿಸಲಿಲ್ಲ. ಮನೆ ಬಾಡಿಗೆ ಕೊಡೋಕೆ ಹೋದವರನ್ನ ಓಡಿಹೋದವರು ಅನ್ನಬಾರದು.

ಮ್ಯಾನೇಜ್‌ಮೆಂಟಿನವರು ಸೆರಾಂಪುರದಂಥ ಕಥೆಗಳನ್ನೇ ಉದಾಹರಣೆ ಕೊಡ್ತಾರೆ. ನೋಡಿ, ಅವರು ಸಂಬಳಾನೆಲ್ಲ ಕಾಲೇಜಿಗೇ ಸುರಿದ್ರು ಅಂತ. ಸುರಿದದ್ದು ನಿಜ. ಎಲ್ಲರ ದುಡಿಮೆ ಒಂದೇ ಹುಂಡಿಗೆ ಬೀಳ್ತಿತ್ತು, ಕೈಖರ್ಚಿಗೆ ಅಷ್ಟಿಷ್ಟು ಇಟ್ಕೊಳ್ತಿದ್ರು. ಆದ್ರೆ ಲೆಕ್ಕ ಪೂರ್ತಿ ಓದಿ. ಕೇರಿಗೆ ಫೋರ್ಟ್ ವಿಲಿಯಂನಿಂದ ಸರಿಯಾಗಿ ಸಂಬಳ ಬರ್ತಿತ್ತು, ಮಾರ್ಷ್‌ಮನ್ ದಂಪತಿಗೆ ಶಾಲೆಯ ಫೀಸು ಬರ್ತಿತ್ತು, ವಾರ್ಡ್ ಕೈಯಲ್ಲಿ ಪ್ರೆಸ್ಸಿತ್ತು. ಮೊದಲು ಗಳಿಕೆ, ಆಮೇಲೆ ತಮ್ಮ ಮನಸಾರೆ ಕೊಡುಗೆ. ಜೊತೆಗೆ ಹುಂಡಿಯ ಬೀಗದ ಕೈ ಅವರ ಹತ್ರಾನೇ ಇತ್ತು. ಮ್ಯಾನೇಜ್‌ಮೆಂಟೂ ಅವರೇ, ಮೇಷ್ಟ್ರೂ ಅವರೇ. ಕೈಗೆ ಬರೋ ಮುಂಚೆನೇ ಬೇರೆಯವರು ಕತ್ತರಿಸಿಕೊಂಡ್ರೆ ಅದಕ್ಕೆ ಕೊಡುಗೆ ಅನ್ನಲ್ಲ, ಕಡಿತ ಅಂತಾರೆ.

ಈ ವ್ಯತ್ಯಾಸ ತಿಳ್ಕೊಳ್ಳೋಕೆ ನಮಗೆ ಬಂಗಾಳಕ್ಕೆ ಹೋಗೋ ಅಗತ್ಯಾನೂ ಇಲ್ಲ. ನಮ್ಮ ಶರಣರು ಕಾಯಕ, ದಾಸೋಹ ಅಂತ ಎರಡು ಪದ ಇಟ್ರು. ಕಾಯಕದ ಫಲ ಕೈಗೆ ಬಂದ ಮೇಲೆ ದಾಸೋಹ. ಮೊದಲನೆಯದನ್ನ ತಿಂದುಹಾಕಿ ಎರಡನೆಯದನ್ನ ಮಾಡಿಸೋಕೆ ಆಗಲ್ಲ.

ಸಣ್ಣ ಕಾಲೇಜುಗಳಿಗೆ ನಿಜವಾಗ್ಲೂ ಕಷ್ಟ ಇದೆ, ಒಪ್ತೀನಿ. ಅಡ್ಮಿಷನ್ ಕಮ್ಮಿ, ಫೀಸು ಏರಿಸಿದ್ರೆ ನಮ್ಮ ಮನೆಯವರಿಗೇ ಭಾರ. ಹಾಗಿದ್ರೆ ಅದನ್ನ ಕಷ್ಟ ಅಂತಾನೇ ಹೇಳಲಿ. ಲೆಕ್ಕ ತೋರಿಸಲಿ. ಇರೋದನ್ನ ತಿಂಗಳು ತಿಂಗಳು ತಪ್ಪದೆ ಕೊಡಲಿ. ಕಮಾನು ಕಟ್ಟೋದು ಒಂದು ವರ್ಷ ಮುಂದಕ್ಕೆ ಹೋದ್ರೆ ಯಾರೂ ಫೇಲಾಗಲ್ಲ.

9/9
ನಾವು ವಿದ್ಯಾರ್ಥಿಗಳು ಸಂಬಳ ಏರಿಸೋಕಂತೂ ಆಗಲ್ಲ. ಆದ್ರೆ ಕೈಲಾಗೋದು ಇದೆ.

ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ಲದಕ್ಕೂ ಐದು ಸ್ಟಾರ್ ಒತ್ತಿ ಓಡೋ ಬದಲು, ಈ ವಿಷಯಕ್ಕೆ ವರ್ಷಪೂರ್ತಿ ಒಬ್ಬರೇ ಮೇಷ್ಟ್ರು ಬೇಕು ಅಂತ ಒಂದು ಸಾಲು ಬರೀರಿ. ಹತ್ತು ಜನ ಬರೆದ್ರೆ ಲೆಕ್ಕಕ್ಕೆ ಬರಲ್ಲ, ಇಡೀ ಕ್ಲಾಸು ಬರೆದ್ರೆ ಪ್ರಿನ್ಸಿಪಾಲರು ಮೀಟಿಂಗಿಗೆ ತಗೊಂಡು ಹೋಗೋಕೆ ಅವರಿಗೂ ಒಂದು ಕಾಗದ ಸಿಗುತ್ತೆ. ಹಳೇ ವಿದ್ಯಾರ್ಥಿಗಳ ಸಂಘದವರು ಬಂದಾಗ ಸ್ಟೇಜು, ಸೌಂಡ್ ಸಿಸ್ಟಮ್ ಕೇಳೋ ಬದಲು ಅತಿಥಿ ಉಪನ್ಯಾಸಕರ ರಜೆ ತಿಂಗಳ ಸಂಬಳಕ್ಕೆ ಒಂದು ನಿಧಿ ಮಾಡಿ ಅಂತ ಕೇಳೋಣ.

ಇನ್ನೊಂದು ಸುಲಭದ್ದು. ಈ ವಾರ ನಿಮ್ಮ ಒಬ್ಬ ಸರ್ ಅಥವಾ ಮೇಡಂ ಹತ್ರ ಹೋಗಿ, ಪಾಠ ಮಾಡೋಕೆ ಮುಂಚೆ ಏನು ಮಾಡ್ತಿದ್ರಿ ಅಂತ ಕೇಳಿ. ಅವರು ಒಪ್ಪಿದ್ರೆ ಮಾತ್ರ, ಹೆಸರು ಹಾಕದೆ ಕಾಮೆಂಟಲ್ಲಿ ಎರಡು ಸಾಲು ಬರೀರಿ. ಸಂಬಳ ಕೇಳ್ಬೇಡಿ, ಅದು ಅವರ ಮರ್ಯಾದೆ ವಿಷಯ. ಅದನ್ನ ಕೇಳಬೇಕಾದ್ದು ಮ್ಯಾನೇಜ್‌ಮೆಂಟನ್ನ.

ಒಪ್ಪದೇ ಇರೋರು ಇಲ್ಲೇ ಜಗಳ ಆಡಿ, ಉತ್ತರ ಕೊಡ್ತೀನಿ. ಇಂಟರ್ನಲ್ಸ್ ಇದೆ, ಸ್ವಲ್ಪ ತಡ ಆಗಬಹುದು.

#ಬಿಕಾಂಬೆಂಚು #ಮೇಷ್ಟ್ರಕಥೆ #ಕಾಯಕ #ಅತಿಥಿಉಪನ್ಯಾಸಕರು #ಕನ್ನಡಕ್ಯಾಪ್ಷನ್