‘ಸೆಕ್ಯುಲರ್’ ಶಬ್ದಕ್ಕೆ ಕನ್ನಡವೇನು?

ಸಂವಿಧಾನದ ಪ್ರಸ್ತಾವನೆಯಿಂದ ‘ಸೆಕ್ಯುಲರ್’ ಎಂಬ ಶಬ್ದವನ್ನು ತೆಗೆಯಬೇಕೆಂದು ಕೋರಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೨೫ರಂದು ವಜಾ ಮಾಡಿತು. ಆದರೂ ಮರುವರ್ಷವೇ ಆ ವಾದವು ಸಾರ್ವಜನಿಕ ವೇದಿಕೆಗಳಲ್ಲಿ ಮತ್ತೆ ತಲೆಯೆತ್ತಿತು. ಅದನ್ನು ಕನ್ನಡದಲ್ಲಿ ಓದುವಾಗಲೆಲ್ಲ ನನಗೊಂದು ಸಂದೇಹ: ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಶಬ್ದವನ್ನು ಕುರಿತು ಮಾತನಾಡುತ್ತಿರುವರೆ?

ಈ ಶಬ್ದದ ಲ್ಯಾಟಿನ್ ಮೂಲಕ್ಕೆ ಒಂದು ತಲೆಮಾರು, ಒಂದು ಯುಗ ಎಂದು ಅರ್ಥ. ಕ್ರೈಸ್ತರ ಬಳಕೆಯಲ್ಲಿ ಅದು ‘ಇಹಲೋಕ’ವಾಯಿತು. ಸಂನ್ಯಾಸಿಗಳ ಸಂಘಕ್ಕೆ ಸೇರದೆ ಜನರ ನಡುವೆ ಬಾಳುವ ಪಾದ್ರಿಯನ್ನೂ ರೋಮನ್ ಕ್ಯಾಥೊಲಿಕರು ‘ಸೆಕ್ಯುಲರ್’ ಎಂದೇ ಕರೆದರು. ಎಂದಮೇಲೆ ಶಬ್ದದ ಹುಟ್ಟಿನಲ್ಲಿ ದೈವದ್ವೇಷವಿಲ್ಲ. ‘ಸೆಕ್ಯುಲರಿಸಂ’ ಎಂಬುದನ್ನು ಒಂದು ತತ್ತ್ವದ ಹೆಸರಾಗಿ ೧೮೫೧ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಜಾರ್ಜ್ ಜೇಕಬ್ ಹೋಲಿಯೋಕ್. ನೀತಿಗೆ ಪರಲೋಕದ ಆಸರೆ ಬೇಕಿಲ್ಲವೆಂಬುದು ಅವನ ನಿಲುವು.

ನಮ್ಮ ಸಂವಿಧಾನದ ೨೫ನೆಯ ವಿಧಿಯಲ್ಲಿ ಈ ಶಬ್ದ ಆರಂಭದಿಂದಲೂ ಇದೆ. ಅಲ್ಲಿ ಅದಕ್ಕೆ ‘ಲೌಕಿಕ’ ಎಂಬ ಅರ್ಥ. ಪ್ರಸ್ತಾವನೆಗೆ ಅದು ಸೇರಿದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ೪೨ನೆಯ ತಿದ್ದುಪಡಿಯಿಂದ. ಶಬ್ದ ಸೇರಿತು, ವಿವರಣೆ ಸೇರಲಿಲ್ಲ. ಎಲ್ಲ ಧರ್ಮಗಳಿಗೂ ಸಮಾನ ಗೌರವವಿರುವ ಗಣರಾಜ್ಯವೆಂದು ಅದನ್ನು ವಿವರಿಸಲು ೧೯೭೮ರಲ್ಲಿ ನಡೆದ ಯತ್ನಕ್ಕೆ ಲೋಕಸಭೆ ಒಪ್ಪಿತು, ರಾಜ್ಯಸಭೆ ಒಪ್ಪಲಿಲ್ಲ. ಮುಂದೆ ೧೯೯೪ರಲ್ಲಿ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, ಈ ತತ್ತ್ವವು ಸಂವಿಧಾನದ ಮೂಲಸ್ವರೂಪಕ್ಕೆ ಸೇರಿದ್ದೆಂದು ನ್ಯಾಯಾಲಯವು ಸಾರಿತು.

ಇನ್ನು ನಮ್ಮ ಭಾಷೆಗೆ ಬರೋಣ. ಕನ್ನಡದಲ್ಲಿ ಹೆಚ್ಚು ಪ್ರಚಾರದಲ್ಲಿರುವ ಶಬ್ದ ‘ಜಾತ್ಯತೀತ’. ೧೯೯೯ರಲ್ಲಿ ಜನತಾದಳ ಒಡೆದಾಗ ಅದು ಒಂದು ಪಕ್ಷದ ಹೆಸರಿಗೇ ಸೇರಿತು. ಆಡುಮಾತಿನಲ್ಲಿ ‘ಜಾತಿ’ಯು ಮತವನ್ನೂ ಒಳಗೊಳ್ಳುವುದರಿಂದ ಈ ಶಬ್ದ ಸಲೀಸಾಗಿ ನಡೆಯಿತು. ಆದರೆ ಜಾತಿಯ ಅನ್ಯಾಯವನ್ನು ಸರಿಪಡಿಸಲು ಮೀಸಲಾತಿಗೆ ಎಡೆಮಾಡಿಕೊಟ್ಟ ಸಂವಿಧಾನವು, ಸರ್ಕಾರ ಜಾತಿಯನ್ನು ಕಾಣಲೇಬಾರದೆಂದು ಹೇಳೀತೆ? ಎರಡನೆಯದು ‘ಧರ್ಮನಿರಪೇಕ್ಷ’. ನಮ್ಮಲ್ಲಿ ಧರ್ಮವೆಂದರೆ ನ್ಯಾಯ, ಕರ್ತವ್ಯ, ದಾನ ಎಲ್ಲವೂ ಹೌದು. ಧರ್ಮಛತ್ರಕ್ಕೂ ಧರ್ಮಾಸ್ಪತ್ರೆಗೂ ಅದೇ ಹೆಸರು. ಧರ್ಮವೇ ಬೇಡವೆನ್ನುವ ರಾಜ್ಯವೆಂದರೆ ಕೇಳಿದವನು ಬೆಚ್ಚಿದರೆ ಆಶ್ಚರ್ಯವೇನು? ಹಿಂದಿಯ ಪಾಠದಲ್ಲಿ ‘ಪಂಥನಿರಪೇಕ್ಷ’ ಎಂದಿರುವುದು ಈ ತೊಡಕನ್ನು ತಪ್ಪಿಸುತ್ತದೆ. ಅದೇ ಜಾಡಿನಲ್ಲಿ ನಾವು ‘ಮತನಿರಪೇಕ್ಷ’ ಎನ್ನಬಹುದಿತ್ತು. ಆದರೆ ಕನ್ನಡದಲ್ಲಿ ಚುನಾವಣೆಯ ಓಟೂ ಮತವೇ! ಮತದ ಅಪೇಕ್ಷೆಯೇ ಇಲ್ಲದ ರಾಜಕಾರಣಿಯನ್ನು ಎಲ್ಲಿಂದ ತರೋಣ? ಮೂರನೆಯದು ‘ಸರ್ವಧರ್ಮ ಸಮಭಾವ’. ಇದು ಕಿವಿಗೆ ಇಂಪಾದುದು. ಆದರೆ ಎಲ್ಲ ಧರ್ಮಗಳನ್ನೂ ಸಮವಾಗಿ ಓಲೈಸುವುದಕ್ಕೂ, ಯಾವುದರ ಪಕ್ಷವನ್ನೂ ವಹಿಸದಿರುವುದಕ್ಕೂ ಇರುವ ಅಂತರವನ್ನು ಮರೆಸಿಬಿಡುತ್ತದೆ.

ಹೀಗೆ ಮೂರು ಶಬ್ದಗಳು ಮೂರು ಬೇರೆ ಭರವಸೆಗಳನ್ನು ಕೊಡುತ್ತವೆ. ಒಬ್ಬನು ಒಂದನ್ನು ಹಿಡಿದು ಸಮರ್ಥಿಸುತ್ತಾನೆ, ಇನ್ನೊಬ್ಬನು ಬೇರೊಂದನ್ನು ಹಿಡಿದು ಖಂಡಿಸುತ್ತಾನೆ. ಇದಕ್ಕಿಂತ ದೊಡ್ಡ ಗೊಂದಲವೊಂದಿದೆ. ಈ ಗುಣವಾಚಕವು ಪ್ರಸ್ತಾವನೆಯಲ್ಲಿ ವಿಶೇಷಿಸುವುದು ಗಣರಾಜ್ಯವನ್ನೇ ಹೊರತು ಪ್ರಜೆಯನ್ನಲ್ಲ. ನಾವಾದರೋ ಅದನ್ನು ವ್ಯಕ್ತಿಗಳಿಗೆ ಹಚ್ಚಿ, ಇವನು ಜಾತ್ಯತೀತ, ಅವನು ಅಲ್ಲ ಎಂದು ಅಳೆಯತೊಡಗಿದ್ದೇವೆ. ಪ್ರಜೆಗೆ ತನ್ನ ನಂಬಿಕೆಯಂತೆ ನಡೆಯುವ ಹಕ್ಕನ್ನು ಅದೇ ೨೫ನೆಯ ವಿಧಿ ಕೊಟ್ಟಿದೆ. ರಾಜ್ಯವು ಯಾವ ಧರ್ಮವನ್ನೂ ಬೆಂಬಲಿಸುವುದಿಲ್ಲ, ಯಾವ ಧರ್ಮದ ಆಚರಣೆಯನ್ನೂ ದಂಡಿಸುವುದಿಲ್ಲ ಎಂಬುದೇ ೨೦೨೪ರ ತೀರ್ಪಿನ ತಾತ್ಪರ್ಯ.

ತಹಸೀಲ್ದಾರರು ಬೆಳಗ್ಗೆ ತಮ್ಮ ದೇವರಿಗೆ ಕೈಮುಗಿದು ಕಚೇರಿಗೆ ಬರಲಿ. ಅರ್ಜಿ ಹಿಡಿದು ಎದುರಿಗೆ ನಿಂತವನ ದೇವರು ಯಾರೆಂಬುದನ್ನು ನೋಡಿ ಅವನ ಕೆಲಸವನ್ನು ತಡೆಯದಿದ್ದರೆ ಸಾಕು. ಇಷ್ಟನ್ನು ಹೇಳುವ ಶಬ್ದವನ್ನು ವಿದ್ವಾಂಸರು ನಿಧಾನವಾಗಿ ಹುಡುಕಲಿ. ಅರ್ಜಿದಾರನು ಮಾತ್ರ ಆ ನಡತೆಗಾಗಿ ನಿಘಂಟು ಸಿದ್ಧವಾಗುವವರೆಗೆ ಕಾಯಬೇಕಾಗಿಲ್ಲ.